ಬರ್ಮಾದ ಪ್ಯಾಂಟು, ನೆಪೋಲಿಯನ್ನನ ಗುಂಡಿ

ನಮಸ್ಕಾರ.

ನಿಮ್ಮ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕೊನೆಯ ಸಾಲಿನವರೆಗೆ ನಿಮ್ಮನ್ನು ಕಾಯಿಸುವುದು ಬೇಡ. ಆದರೆ ವಾಪಸ್ ಕಳಿಸಿ ಕೈ ತೊಳೆದುಕೊಳ್ಳಲೂ ಮನಸ್ಸು ಬರಲಿಲ್ಲ. ಅದಕ್ಕೇ ಈ ಉದ್ದದ ಪತ್ರ. ನಮಗೆ ಬರೆದು ಕಳಿಸುವ ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ, ನಿಮ್ಮ ಹೆಸರು ಬಿಟ್ಟು ಇಲ್ಲೇ ಅಚ್ಚು ಹಾಕುತ್ತಿದ್ದೇನೆ.

ಓದುಗರಿಗೆ ಒಂದು ಮಾತು. ಇವರು ವಿರಾಜಪೇಟೆ ಕಡೆಯವರು. ಎರಡನೇ ಮಹಾಯುದ್ಧದ ಒಂದು ಕಂಪ್ಯೂಟರ್ ಗೇಮ್‌ಗೆ ಮಾಡ್ ಮಾಡಿದ್ದಾರೆ. ಮಾಡ್ ಅಂದರೆ ಕಂಪನಿ ಕೊಟ್ಟ ಆಟವನ್ನು ಆಡುವವರೇ ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳುವುದು. ಆ ಗೇಮ್‌ನಲ್ಲಿ ಬರ್ಮಾ ಇದೆ, ಭಾರತದ ಸೈನಿಕರೂ ಇದ್ದಾರೆ. ಆದರೆ ಬ್ರಿಟಿಷ್ ಸೈನಿಕನ ಮುಖಕ್ಕೆ ಕಂದು ಬಣ್ಣ ಬಳಿದು ಭಾರತೀಯ ಅಂದುಬಿಟ್ಟಿದ್ದಾರೆ. ಇವರಿಗೆ ಸಿಟ್ಟು ಬಂತು. ಸಮವಸ್ತ್ರ ಸರಿ ಮಾಡಲು ಕೂತರು. ಆ ಕೆಲಸದ ಕಥೆ ಸ್ವಲ್ಪ, ಸೇನೆಯ ಇತಿಹಾಸದ ಸ್ವಾರಸ್ಯಗಳು ಜಾಸ್ತಿ, ಒಟ್ಟು 9 ಪುಟದ ಲೇಖನ.

ಈಗ ನಿಮಗೆ. ಮೊದಲ 5 ಪುಟಗಳಲ್ಲಿ "ನಿಮಗೆ ಗೊತ್ತೇ?" ಅಂತ 17 ಸಲ ಕೇಳಿದ್ದೀರಿ. ಮೂರನೆಯದಕ್ಕೇ ನನಗೆ ಶಾಲೆಯ ಇನ್ಸ್‌ಪೆಕ್ಷನ್ ನೆನಪಾಯಿತು. ಅದನ್ನಾದರೂ ಸಹಿಸಬಹುದು. ಉತ್ತರಗಳೇ ತಪ್ಪಿದ್ದರೆ ಏನು ಮಾಡೋಣ? ಸೈನಿಕರು ತೋಳಿಗೆ ಮೂಗು ಒರೆಸುತ್ತಾರೆ ಅಂತ ನೆಪೋಲಿಯನ್ ಕೋಟಿನ ತೋಳಿಗೆ ಗುಂಡಿ ಹೊಲಿಸಿದ ಎನ್ನುತ್ತೀರಿ. ಇದೇ ಕಥೆಯನ್ನು ಪ್ರಶ್ಯದ ಫ್ರೆಡರಿಕ್ ದೊರೆಯ ಬಗ್ಗೆಯೂ ಹೇಳುತ್ತಾರೆ, ಇಂಗ್ಲೆಂಡಿನ ನೆಲ್ಸನ್ ಬಗ್ಗೆಯೂ ಹೇಳುತ್ತಾರೆ. ಯಾರದೋ ಮೂಗು, ಯಾರದೋ ತೋಳು. ಜರ್ಮನಿಯ ಎಸ್‌ಎಸ್ ಪಡೆಯ ಕಪ್ಪು ಸಮವಸ್ತ್ರದ ವಿನ್ಯಾಸ ಹ್ಯೂಗೋ ಬಾಸ್‌ನದು ಅಂದಿದ್ದೀರಿ. ಅವನ ಕಾರ್ಖಾನೆ ಹೊಲಿದು ಕೊಟ್ಟಿದ್ದು ನಿಜ. ವಿನ್ಯಾಸ ಕಾರ್ಲ್ ಡೀಬಿಚ್ ಮತ್ತು ವಾಲ್ಟರ್ ಹೆಕ್ ಅವರದು. ಖಾಕಿ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಹುಟ್ಟಿತಂತೆ. ಅಲ್ಲ ಮಾರಾಯ್ರೇ, ಅದಕ್ಕೆ ಅರ್ಧ ಶತಮಾನ ಮೊದಲೇ ಹ್ಯಾರಿ ಲಮ್ಸ್‌ಡೆನ್ ಪೇಶಾವರದಲ್ಲಿ ಕಟ್ಟಿದ ಗೈಡ್ಸ್ ಪಡೆ ಮಣ್ಣಿನ ಬಣ್ಣದ ಬಟ್ಟೆ ತೊಟ್ಟಿತ್ತು. ಖಾಕ್ ಅಂದರೇ ಧೂಳು. ನಮ್ಮ ಪಕ್ಕದಲ್ಲೇ ಹುಟ್ಟಿದ ಬಣ್ಣವನ್ನು ಆಫ್ರಿಕಾಕ್ಕೆ ಬಿಟ್ಟುಕೊಟ್ಟಿದ್ದೀರಿ.

ನನಗೆ ಬೇಜಾರಾಗಿದ್ದು ತಪ್ಪಿಗಲ್ಲ. 7ನೇ ಪುಟದಲ್ಲಿ ನೀವೇ ಬರೆದಿದ್ದೀರಿ: ಸೊಂಟದ ಪಟ್ಟಿಯ ಹಿತ್ತಾಳೆ ಬಕಲ್ ಎಡಕ್ಕೋ ಬಲಕ್ಕೋ ಅಂತ ಮೂರು ರಾತ್ರಿ ಹುಡುಕಿದಿರಂತೆ, ಹಳೇ ಫೋಟೊಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದಿರಂತೆ. ಆಡುವವರು ಯಾರೂ ಗಮನಿಸದ ಒಂದು ಬಕಲ್‌ಗೆ ಮೂರು ರಾತ್ರಿ. ಓದುವವರೆಲ್ಲ ನಂಬುವ ಒಂದು ವಾಕ್ಯಕ್ಕೆ ಮೂರು ನಿಮಿಷವೂ ಇಲ್ಲ. ಮಾಡ್ ಮಾಡುವಾಗ ಇದ್ದ ಆ ಮನುಷ್ಯ ಬರೆಯಲು ಕೂತಾಗ ಎಲ್ಲಿಗೆ ಹೋದರು?

ಇನ್ನು ಝೋಜಿ ಲಾ, ಪಾಕಿಸ್ತಾನದ ಜೊತೆಗಿನ ಮೊದಲ ಯುದ್ಧದಲ್ಲಿ ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ದಾರಿಯಲ್ಲಿ ನಡೆದ ಕಾಳಗ. ಈ ಭಾಗ ಚೆನ್ನಾಗಿ ಬಂದಿದೆ. 1948ರ ನವೆಂಬರ್ 1, ಹನ್ನೊಂದು ಸಾವಿರ ಅಡಿಗೂ ಎತ್ತರದ ಕಣಿವೆದಾರಿ, ಹಿಮ, 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು. ಅಲ್ಲಿ ದಳಪತಿಯಾಗಿದ್ದ ನಮ್ಮ ಕೊಡಗಿನ ತಿಮ್ಮಯ್ಯನವರ ಹಟ. ಗುಟ್ಟು ಬಿಡಬಾರದು ಅಂತ ಟ್ಯಾಂಕಿನ ಮೇಲಿನ ಗೋಪುರ ಬಿಚ್ಚಿ ಸಾಗಿಸಿದ್ದನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ಅಲ್ಲಿ ಇನ್ನೂ ಸ್ವಲ್ಪ ನಿಲ್ಲಬಹುದಿತ್ತು. ಆದರೆ ನೀವು ಕಳಿಸಿದ ಚಿತ್ರದಲ್ಲಿ ಟ್ಯಾಂಕ್ ಪಡೆಯ ಲೆಫ್ಟಿನೆಂಟ್ ಕರ್ನಲ್ ಹೆಗಲ ಮೇಲೆ ಅಶೋಕನ ಸಿಂಹ ಕೂತಿದೆ. 1948ರಲ್ಲಿ ಸಿಂಹ ಎಲ್ಲಿಂದ ಬರಬೇಕು? ಸಿಂಹ ಬಂದಿದ್ದು ಗಣರಾಜ್ಯ ಆದ ಮೇಲೆ, 1950ರಲ್ಲಿ. ಅಲ್ಲಿಯವರೆಗೆ ಮೇಜರ್‌ಗೆ ಒಂದು ಕಿರೀಟ, ಲೆಫ್ಟಿನೆಂಟ್ ಕರ್ನಲ್‌ಗೆ ಕಿರೀಟದ ಜೊತೆ ಒಂದು ನಕ್ಷತ್ರ. ಸ್ವಾತಂತ್ರ್ಯ ಬಂದು ವರ್ಷ ಕಳೆದಿದ್ದರೂ ನಮ್ಮವರು ಇಂಗ್ಲೆಂಡ್ ದೊರೆಯ ಕಿರೀಟವನ್ನು ಹೆಗಲ ಮೇಲಿಟ್ಟುಕೊಂಡೇ ಕಾಶ್ಮೀರದಲ್ಲಿ ಕಾದಾಡಿದರು. 1949ರ ಜನವರಿ 15ರಂದು ಕಾರ್ಯಪ್ಪನವರು ಬ್ರಿಟಿಷ್ ದಂಡನಾಯಕ ರಾಯ್ ಬುಚರ್ ಕೈಯಿಂದ ಸೇನೆಯ ಅಧಿಕಾರ ತೆಗೆದುಕೊಂಡರಲ್ಲ, ಅವತ್ತೂ ಅವರ ಹೆಗಲ ಮೇಲಿದ್ದದ್ದು ಕಿರೀಟವೇ. ಮೊದಲ ಭಾರತೀಯ ದಂಡನಾಯಕ, ಹೆಗಲ ಮೇಲೆ ಪರದೇಶಿ ಕಿರೀಟ. ನಿಮ್ಮ 17 "ಗೊತ್ತೇ"ಗಳನ್ನು ತಕ್ಕಡಿಯ ಒಂದು ಕಡೆ ಹಾಕಿ, ಇದೊಂದನ್ನು ಇನ್ನೊಂದು ಕಡೆ ಹಾಕಿ. ನಾನಾಗಿದ್ದರೆ ಇಲ್ಲಿಂದಲೇ ಶುರು ಮಾಡುತ್ತಿದ್ದೆ.

ವಾಯುಪಡೆಯ ಪೈಲಟ್ ದೇವಯ್ಯನವರ ಪ್ಯಾರಾ ತೆಗೆಯಿರಿ. 1965ರಲ್ಲಿ ಪಾಕಿಸ್ತಾನದ ಸರ್ಗೋಧ ಮೇಲಿನ ದಾಳಿ, ಮಿಸ್ಟೇರ್ ವಿಮಾನ, 23 ವರ್ಷ ಕಳೆದು 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ, ಎಲ್ಲ ಸರಿಯಾಗಿಯೇ ಇದೆ. ಆದರೆ ಬರ್ಮಾದ ಕಾಲಾಳಿನ ಬಟ್ಟೆಯ ನಡುವೆ ವಿಮಾನ ಯಾಕೆ ಬಂತು? ಕೊಡಗಿನ ಹೆಸರು ಒಂದೂ ಬಿಟ್ಟುಹೋಗಬಾರದು ಅಂತ ಸುಮ್ನೆ ಸೇರಿಸಿದ್ದೀರಿ, ಅಲ್ವಾ? ನಮ್ಮ ಜಿಲ್ಲೆಯಿಂದ ಬರುವ ಲೇಖನಗಳ ದೊಡ್ಡ ಕಾಯಿಲೆ ಇದು. ಮದುವೆ ಕರೆಯೋಲೆಯ ಹಾಗೆ ಯಾರ ಹೆಸರೂ ಬಿಡುವಂತಿಲ್ಲ.

ಪೀಚೆಕತ್ತಿ, ಅಂದರೆ ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ, ಅದರ ವಿಷಯಕ್ಕೆ ಬರುತ್ತೇನೆ. ಕೋಪ ಮಾಡಿಕೊಳ್ಳಬೇಡಿ. ನಿಮ್ಮ ಮಾಡ್‌ನಲ್ಲಿ ಬರ್ಮಾದ ಕೊಡವ ಸೈನಿಕನ ಸೊಂಟದಲ್ಲಿ ಪೀಚೆಕತ್ತಿ, ಬೆನ್ನಿಗೆ ಅಗಲ ಅಲಗಿನ ಒಡಿಕತ್ತಿ. ಇನ್ನೊಂದು ಚಿತ್ರದಲ್ಲಿ ಕೊಡವರ ಉದ್ದ ಅಂಗಿ ಕುಪ್ಯ, ಸೊಂಟಕ್ಕೆ ಸುತ್ತುವ ಕೆಂಪು ಚೇಲೆ, ಅದರ ಮೇಲೆ 1937ರ ಮಾದರಿಯ ಸೇನಾ ಪಟ್ಟಿ. ನೋಡಲು ಜೋರಾಗಿದೆ. ಗೇಮ್‌ನಲ್ಲಿ ಇಟ್ಟುಕೊಳ್ಳಿ, ಯಾರು ಬೇಡ ಅಂದರು. ಆದರೆ ಲೇಖನದಲ್ಲಿ "ಕೊಡವ ಸೈನಿಕರ ಸಮವಸ್ತ್ರ" ಅಂತ ಕೆಳಗೆ ಬರೆದರೆ ಅದು ಸುಳ್ಳು. ಕುಪ್ಯ ಮದುವೆಗೆ, ಹಬ್ಬಕ್ಕೆ. ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್‌ಪೂ ಹೂವು ಸಿಕ್ಕಿಸಿ ಪೂಜೆ ಮಾಡುವ ಮನೆಯವರು ನೀವು, ನಿಮಗೆ ನಾನು ಹೇಳಿಕೊಡಬೇಕೇ? ಸೇನೆಗೆ ಹೋದ ನಮ್ಮವರು ಬೇರೆ ಬೇರೆ ರೆಜಿಮೆಂಟುಗಳಲ್ಲಿ ಹಂಚಿಹೋದರು. ಕಾರ್ಯಪ್ಪ ರಜಪೂತ್ ರೆಜಿಮೆಂಟ್, ತಿಮ್ಮಯ್ಯ 19ನೇ ಹೈದರಾಬಾದ್. ತೊಟ್ಟಿದ್ದು ಆಯಾ ರೆಜಿಮೆಂಟಿನ ಬಟ್ಟೆ.

ಕತ್ತಿ ಹಿಡಿದ ಕೊಡವ ಬೇಕೇ ಬೇಕು ಅಂದರೆ ನಿಜವಾದದ್ದೇ ಇದೆ. 1837ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಟ್ಟ ಕೂರ್ಗ್ ಪದಕ. ಅದರ ಮೇಲೆ ಕೊಡವ ಯೋಧನ ಚಿತ್ರವಿದೆ, ಕನ್ನಡ ಅಕ್ಷರವೂ ಇದೆ. ಕಂಪನಿ ಸರ್ಕಾರದ ಪದಕದ ಮೇಲೆ ಕನ್ನಡ! ಅದು ಸಿಕ್ಕಿದ್ದು ಯಾಕೆ ಅನ್ನುವುದು ಮಾತ್ರ ಸ್ವಲ್ಪ ಮುಜುಗರದ ಮಾತು. ಆ ವರ್ಷ ಸುಳ್ಯದ ಕಡೆಯಿಂದ ಎದ್ದ ಬಂಡಾಯವನ್ನು ಅಡಗಿಸಲು ಕಂಪನಿಯ ಪರ ನಿಂತವರಿಗೆ ಕೊಟ್ಟಿದ್ದು. ಹೊಗಳಿಕೆ ಬರೆಯಲು ಇದು ಒಗ್ಗುವುದಿಲ್ಲ. ಇತಿಹಾಸ ಬರೆಯಲು ಒಗ್ಗುತ್ತದೆ.

ಸರಿ, ಈಗ 6ನೇ ಪುಟ. ಇದಕ್ಕಾಗಿಯೇ ಪತ್ರ ಬರೆದೆ.

ಅಟ್ಟದ ಟ್ರಂಕಿನಿಂದ ಅಜ್ಜನ ಬರ್ಮಾ ಕಾಲದ ಪ್ಯಾಂಟು ತೆಗೆದಿರಿ. ಬೂಷ್ಟಿನ ವಾಸನೆ, ನುಸಿಗುಳಿಗೆ ವಾಸನೆ. ಹಸಿರು ಅನ್ನುತ್ತಾರೆ, ನೋಡಿದರೆ ಬೂದಿ. ಬಣ್ಣ ಅಳೆಯಲು ಜಗುಲಿಯಲ್ಲಿ ಫೋಟೊ ತೆಗೆದರೆ ಮಳೆಗಾಲದ ಬೆಳಕಿಗೆ ನೀಲಿ ಹೊಡೆಯಿತು, ಬಲ್ಬಿನ ಕೆಳಗೆ ಹಳದಿ. ಕೊನೆಗೆ ಬ್ಲೇಡು ತಗೊಂಡು ಕಾಲಿನ ಕೆಳಗಿನ ಮಡಿಕೆಯ ಹೊಲಿಗೆ ಎರಡಿಂಚು ಬಿಚ್ಚಿದಿರಿ. ಒಳಗೆ ಬೆಳಕೇ ಕಾಣದ ಕಡು ಹಸಿರು. ಆಗ ನಿಮಗೆ ಹೊಳೆಯಿತು, ಗೇಮ್‌ನ ಸೈನಿಕನಿಗೆ ಒಂದೇ ಹಸಿರು ಸಾಲದು, ಹೊಸಬನಿಗೆ ಒಂದು, ಹಳಬನಿಗೆ ಒಂದು ಅಂತ. ಇಷ್ಟನ್ನು 8 ಸಾಲಿನಲ್ಲಿ ಬರೆದು ಮತ್ತೆ "ನಿಮಗೆ ಗೊತ್ತೇ?"ಗೆ ಓಡಿಹೋಗಿದ್ದೀರಿ!

ಇದನ್ನು ಮೂರು ಪುಟ ಮಾಡಿ. 1942ರಲ್ಲಿ ಬರ್ಮಾದಿಂದ ಹಿಂದೆ ಸರಿದವರು ಖಾಕಿಯಲ್ಲೇ ಇದ್ದರು, ಜಂಗಲ್ ಗ್ರೀನ್ ಆಮೇಲೆ ಬಂತು, ಹೊಸ ಬಟ್ಟೆ ಸಾಲದಿದ್ದಾಗ ಖಾಕಿಯನ್ನೇ ಹಸಿರಿನಲ್ಲಿ ಅದ್ದಿದರು. ಈ ಮಾತೆಲ್ಲ ಆ ಮಡಿಕೆಯ ಪಕ್ಕದಲ್ಲೇ ಬರಲಿ, ಆಗ ಓದುವವರಿಗೆ ಭಾರ ಅನ್ನಿಸುವುದಿಲ್ಲ. ಟೆಕ್ಸ್ಚರ್, ಯುವಿ ಮ್ಯಾಪ್ ಅಂತ ಬರೆದು ಸುಮ್ಮನಾಗಬೇಡಿ. ಟೈಲರ್ ಹೊಲಿಯುವ ಮೊದಲು ತೋಳು, ಬೆನ್ನು, ಎದೆ ಅಂತ ಬಟ್ಟೆ ಕತ್ತರಿಸಿ ಮೇಜಿನ ಮೇಲೆ ಹಾಸಿಡುತ್ತಾನಲ್ಲ, ನೀವು ಬಣ್ಣ ಹಚ್ಚುವುದು ಹಾಗೆ ಹಾಸಿಟ್ಟ ತುಂಡುಗಳಿಗೆ ಅಂದರೆ ಗೋಣಿಕೊಪ್ಪ ಸಂತೆಗೆ ಹೋಗುವವರಿಗೂ ಅರ್ಥವಾಗುತ್ತದೆ.

ಒಂದು ಅನುಮಾನ ಉಳಿದಿದೆ. ಅಂಗಿಯ ತೋಳಿನಲ್ಲಿ ಬ್ಯಾಡ್ಜ್ ಕಿತ್ತ ಜಾಗ ಇನ್ನೂ ಹಸಿರಾಗಿ ಕಾಣುತ್ತದೆ ಅಂದಿದ್ದೀರಿ. ಮಾಡ್‌ನಲ್ಲಿ ಅಲ್ಲಿಗೆ ಇಸ್ಪೀಟಿನ ಏಸ್ ಹಾಕಿದ್ದೀರಿ. ಅದು 25ನೇ ಇಂಡಿಯನ್ ಡಿವಿಷನ್ ಗುರುತು. 1945ರಲ್ಲಿ ಬರ್ಮಾದ ಕಂಗಾವ್ ಕಾಳಗದಲ್ಲಿ ತಿಮ್ಮಯ್ಯನವರ ಬೆಟಾಲಿಯನ್ ಇದ್ದದ್ದು ಅದೇ ಡಿವಿಷನ್ನಿನಲ್ಲಿ. ನಿಮ್ಮ ಅಜ್ಜನೂ ಅಲ್ಲಿದ್ದರೇ? ಲೇಖನದಲ್ಲಿ ಎಲ್ಲೂ ಇಲ್ಲ. ತಿಮ್ಮಯ್ಯ ಇದ್ದರು ಅಂತ ಅಜ್ಜನನ್ನೂ ನೀವೇ ವರ್ಗ ಮಾಡಿಬಿಟ್ಟಿರಾ? ಕಪ್ಪು ಬೆಕ್ಕಿನ 17ನೇ ಡಿವಿಷನ್ ಇರಬಹುದು, ಬಾಣದ ಗುರುತಿನ 7ನೆಯದು ಇರಬಹುದು. ಹೊಲಿಗೆ ತೂತುಗಳ ಆಕಾರ ನೋಡಿ. ಅದೇ ಟ್ರಂಕಿನಲ್ಲಿ ಸೇನೆ ಬಿಡುವಾಗ ಕೊಡುವ ಡಿಸ್ಚಾರ್ಜ್ ಬುಕ್ ಇದ್ದರೆ ಇನ್ನೂ ಒಳ್ಳೆಯದು. ಮಡಿಕೇರಿಗೆ ಬಂದಾಗ ಸನ್ನಿಸೈಡ್‌ಗೆ ಹೋಗಿ, ತಿಮ್ಮಯ್ಯನವರ ಮನೆ 2021ರಿಂದ ಮ್ಯೂಸಿಯಂ ಆಗಿದೆ. ಯಾವುದೂ ಖಾತ್ರಿ ಆಗದಿದ್ದರೆ ತೋಳು ಖಾಲಿ ಬಿಡಿ, ಆ ಹಸಿರು ಚೌಕವನ್ನಷ್ಟೇ ಬಿಡಿಸಿ.

ಹೊಸ ಪ್ರತಿ ತಿಂಗಳೊಳಗೆ ಸಿಕ್ಕರೆ ಸಾಕು. 1,200 ಪದ ದಾಟಬೇಡಿ. ಮಡಿಕೆಯ ಫೋಟೊ ಜೊತೆಗಿರಲಿ, ಫ್ಲಾಷ್ ಹಾಕಬೇಡಿ. ಮತ್ತೆ, ಬ್ಲೇಡು ಹಿಡಿದಿದ್ದನ್ನು ನೋಡಿ ಅಜ್ಜಿ ಏನಂದರು ಅಂತ ಬರೆದೇ ಇಲ್ಲವಲ್ಲ?