ಮೊದಲು ಪೆಟ್ಟಿಗೆಯ ತೂಕ, ಆಮೇಲೆ ಗಾಡಿ

ಪ್ರಶ್ನೆ: ನಾನು ದಾವಣಗೆರೆಯವನು, ಬ್ಯಾಂಕ್ ಕೆಲಸದಿಂದ ರಿಟೈರ್ ಆಗಿದ್ದೇನೆ. ಪಿಕಪ್ ಗಾಡಿಯ ಹಿಂದೆ ಏರಿಸಿ ಇಳಿಸಬಹುದಾದ ಕ್ಯಾಂಪರ್ ಪೆಟ್ಟಿಗೆ (ಒಳಗೇ ಮಲಗುವಂಥ ಪುಟ್ಟ ಮನೆ) ಮಾಡಿಸಿಕೊಂಡು ನಾನೂ ನಮ್ಮ ಮನೆಯವರೂ ಹಂಪಿ, ಬಾದಾಮಿ, ಕರಾವಳಿ ಕಡೆ ನಿಧಾನಕ್ಕೆ ಸುತ್ತಬೇಕು ಅಂತ ಆಸೆ. ರಜೆಯಲ್ಲಿ ಮಗಳೂ ಬರುತ್ತಾಳೆ. ಗಾಡಿ, ಪೆಟ್ಟಿಗೆ ಎರಡೂ ಸೇರಿ ಏಳು ಲಕ್ಷದೊಳಗೆ ಮುಗಿಯಬೇಕು. ಪರಿಚಯದವರು ಒಂದು ಸೆಕೆಂಡ್ ಹ್ಯಾಂಡ್ ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ) ಗಾಡಿ ತೋರಿಸಿದ್ದಾರೆ. 'ಭಾರ ಜಾಸ್ತಿ ಆದರೆ ಕಮಾನಿಗೆ (ಹಿಂದಿನ ಸ್ಪ್ರಿಂಗ್‌ಗೆ) ಎರಡು ಪಟ್ಟಿ ಹಾಕಿಸಿದರಾಯಿತು' ಅನ್ನುತ್ತಾರೆ. ತಗೊಳ್ಳಬಹುದಾ ಸರ್?

ಉತ್ತರ: ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ ತಾನೇ? ಸದ್ಯಕ್ಕೆ ಕೊಡಬೇಡಿ. ಗಾಡಿ ಆಮೇಲೆ ನೋಡೋಣ, ಮೊದಲು ನಿಮ್ಮ ಪೆಟ್ಟಿಗೆ ಎಷ್ಟು ತೂಗುತ್ತದೆ ಅಂತ ಕೂತು ಲೆಕ್ಕ ಹಾಕಿ. ಇದನ್ನು ಬಿಟ್ಟು ಮೊದಲು ಗಾಡಿ ಕೊಂಡವರು ಆಮೇಲೆ ಒಂದೋ ಪೆಟ್ಟಿಗೆ ಕೊಯ್ದು ಚಿಕ್ಕದು ಮಾಡಿಸುತ್ತಾರೆ, ಇಲ್ಲಾ ಓವರ್‌ಲೋಡ್‌ನಲ್ಲೇ ಓಡಿಸುತ್ತಾರೆ.

ಕಬ್ಬಿಣದ ಚೌಕಟ್ಟು, ತಗಡು, ಪ್ಲೈವುಡ್ ಹಾಕಿ ಇಬ್ಬರು ಮಲಗುವಷ್ಟು ಪೆಟ್ಟಿಗೆ ಮಾಡಿದರೆ ಖಾಲಿಯೇ 400 ಕೆಜಿ ಹತ್ತಿರ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ನೀರು ಲೀಟರಿಗೆ ಒಂದು ಕೆಜಿ, 80 ಲೀಟರ್ ಟ್ಯಾಂಕ್ ಅಂದರೆ 80 ಕೆಜಿ. ಇನ್ವರ್ಟರ್‌ಗೆ ಹಾಕುವ 150 ಎಎಚ್ ಬ್ಯಾಟರಿ ಒಂದೇ 50 ಕೆಜಿ ದಾಟುತ್ತದೆ. ಮನೆಯ 14.2 ಕೆಜಿ ಸಿಲಿಂಡರ್ ತುಂಬಿದಾಗ ಸುಮಾರು 30 ಕೆಜಿ, ಹಾಗಾಗಿ 5 ಕೆಜಿಯ ಚಿಕ್ಕದನ್ನೇ ಇಟ್ಟುಕೊಳ್ಳಿ. ಹಾಸಿಗೆ, ಪಾತ್ರೆ, ಬಟ್ಟೆ, ಜ್ಯಾಕ್, ಟೂಲ್ಸ್ ಅಂತ ಇನ್ನೂ 100. ಜೊತೆಗೆ ನೀವಿಬ್ಬರು. ಇದೆಲ್ಲ ಸೇರಿದರೆ 780 ಕೆಜಿ ಆಗುತ್ತದೆ, ಅಲ್ವಾ? ಕೆಲಸ ಮುಗಿಯುವಾಗ ಪೆಟ್ಟಿಗೆ ಅಂದುಕೊಂಡಿದ್ದಕ್ಕಿಂತ ಭಾರವಾಗಿಯೇ ಬರುತ್ತದೆ, ಅದಕ್ಕೂ ಜಾಗ ಬಿಟ್ಟು ಒಂದು ಟನ್ ಅಂತ ಹಿಡಿಯಿರಿ.

ಈಗ ಗಾಡಿಯ ಆರ್‌ಸಿ ನೋಡಿ. ಅದರಲ್ಲಿ ಖಾಲಿ ಗಾಡಿಯ ತೂಕ, ಭಾರ ಸೇರಿದ ಒಟ್ಟು ತೂಕ ಎರಡೂ ಇರುತ್ತವೆ. ಒಟ್ಟರಲ್ಲಿ ಖಾಲಿಯನ್ನು ಕಳೆದರೆ ಎಷ್ಟು ಉಳಿಯುತ್ತದೋ ಅಷ್ಟೇ ನಿಮ್ಮ ಪಾಲು, ಅದರಲ್ಲೇ ಜನ, ನೀರು, ಪೆಟ್ಟಿಗೆ ಎಲ್ಲಾ ಬರಬೇಕು. ಆರ್‌ಸಿ ಹೇಳಿದ್ದನ್ನೂ ನಂಬಿ ಕೂರಬೇಡಿ, ಕೊಳ್ಳುವ ಮೊದಲು ಎಪಿಎಂಸಿ ಕಡೆ ಯಾವುದಾದರೂ ವೇ ಬ್ರಿಡ್ಜ್‌ಗೆ ಖಾಲಿ ಗಾಡಿ ಹತ್ತಿಸಿ ಚೀಟಿ ತಗೊಳ್ಳಿ. ಹಿಂದಿನ ಓನರ್ ದಪ್ಪ ತಗಡಿನ ಬಾಡಿ, ಕಬ್ಬಿಣದ ಗಾರ್ಡ್ ಹಾಕಿಸಿದ್ದರೆ ಅಲ್ಲೇ ನೂರಿನ್ನೂರು ಕೆಜಿ ಹೋಗಿರುತ್ತದೆ.

ಕಮಾನಿಗೆ ಪಟ್ಟಿ ಸೇರಿಸುವ ಮಾತು. ಪಟ್ಟಿ ಸೇರಿಸಿದರೆ ಗಾಡಿಯ ಹಿಂಭಾಗ ಕೂರುವುದಿಲ್ಲ, ಅಷ್ಟೇ. ಬ್ರೇಕು, ಆಕ್ಸಲ್, ಬೇರಿಂಗ್, ಟೈರು ಎಲ್ಲಾ ಹಳೆಯವೇ. ಆರ್‌ಸಿಯ ತೂಕವೂ ಬದಲಾಗುವುದಿಲ್ಲ. ಓವರ್‌ಲೋಡ್‌ಗೆ ಹಿಡಿದರೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಟನ್‌ಗೆ 2,000. ಅದಕ್ಕಿಂತ ನನಗೆ ಭಯ ಇರುವುದು ಘಾಟಿಯಲ್ಲಿ ಇಳಿಯುವಾಗ. ಕರಾವಳಿಗೆ ಹೋಗುತ್ತೀರಿ ಅಂದಮೇಲೆ ಯಾವುದಾದರೂ ಘಾಟಿ ಇಳಿಯಲೇಬೇಕು, ಅಲ್ಲಿ ಬ್ರೇಕ್ ಕಾದರೆ ಯಾವ ಪಟ್ಟಿಯೂ ಸಹಾಯಕ್ಕೆ ಬರುವುದಿಲ್ಲ.

ನಿಮಗೆ ತೋರಿಸಿದ ಡಬಲ್ ಕ್ಯಾಬ್ ಈ ಕೆಲಸಕ್ಕೆ ಬೇಡ. ಬೊಲೆರೊ ಕ್ಯಾಂಪರ್ ತರದ ಗಾಡಿ ಒಂದು ಟನ್ ಹೊರುವುದೇನೋ ನಿಜ, ಆದರೆ ಹಿಂದಿನ ತೊಟ್ಟಿ ಉದ್ದ ಸುಮಾರು ಐದಡಿ. ಅಷ್ಟರಲ್ಲಿ ಕಾಲು ಚಾಚಿ ಮಲಗಲು ಆಗುವುದಿಲ್ಲ. ಹಾಸಿಗೆಯನ್ನು ಕ್ಯಾಬಿನ್ ಮೇಲಕ್ಕೆ ತಗೊಂಡು ಹೋದರೆ ಭಾರ ಎತ್ತರಕ್ಕೆ ಹೋಗುತ್ತದೆ, ಹಿಂದಕ್ಕೆ ಚಾಚಿದರೆ ಭಾರ ಹಿಂದಿನ ಆಕ್ಸಲ್ ದಾಟುತ್ತದೆ, ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಹಿಡಿತಕ್ಕೆ ಸಿಗುವುದಿಲ್ಲ. ಪೆಟ್ಟಿಗೆಯ ಭಾರದ ನಡು ಹಿಂದಿನ ಆಕ್ಸಲ್‌ಗಿಂತ ಸ್ವಲ್ಪ ಮುಂದೆಯೇ ಬೀಳಬೇಕು. ನೀರಿನ ಟ್ಯಾಂಕ್, ಬ್ಯಾಟರಿ ಕ್ಯಾಬಿನ್ ಕಡೆಗೆ, ತಳದಲ್ಲಿ ಇರಲಿ. ಚಿತ್ರದುರ್ಗದ ಹತ್ತಿರ ಗುಡ್ಡದ ಮೇಲೆ ಗಾಳಿಯಂತ್ರ ಸಾಲಾಗಿ ನಿಂತಿರುವುದು ನೋಡಿದ್ದೀರಲ್ಲ, ಆ ಗಾಳಿ ಹೈವೇಯಲ್ಲಿ ಎತ್ತರದ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಅದಕ್ಕೇ ಪೆಟ್ಟಿಗೆ ಕುಳ್ಳಗಿದ್ದಷ್ಟೂ ಒಳ್ಳೆಯದು.

ಹಾಗಾಗಿ ನನ್ನ ಓಟು ಒಂದೇ ಸಾಲು ಸೀಟಿನ ಸಿಂಗಲ್ ಕ್ಯಾಬ್‌ಗೆ. ಬೊಲೆರೊ ಪಿಕಪ್ ಅಥವಾ ಟಾಟಾ ಯೋಧ, 1.3 ಟನ್‌ನಿಂದ 1.7 ಟನ್ ಹೊರುವ ಮಾಡೆಲ್. ತೊಟ್ಟಿ ಎಂಟೊಂಬತ್ತು ಅಡಿ ಸಿಗುತ್ತದೆ, ಎರಡಕ್ಕೂ ನಮ್ಮ ಕಡೆ ಪಾರ್ಟ್ಸ್, ಮೆಕ್ಯಾನಿಕ್ ಸಿಗುತ್ತಾರೆ. ಟಾಟಾ ಏಸ್ ಚಿಕ್ಕದಾಯಿತು, ಅದರ ಬಗ್ಗೆ ಯೋಚಿಸಲೇಬೇಡಿ. ಫೋರ್ ವೀಲ್ ಡ್ರೈವ್‌ಗೆ ದುಡ್ಡು ಹಾಕಬೇಡಿ, ನೀವು ಹೋಗುವ ಊರಿಗೆಲ್ಲ ಡಾಂಬರು ರಸ್ತೆ ಇದೆ. ಮಗಳು ಬಂದಾಗ ಸೀಟಿನ ಪ್ರಶ್ನೆ ಬರುತ್ತದೆ. ಆರ್‌ಸಿಯಲ್ಲಿ ಎಷ್ಟು ಸೀಟು ಬರೆದಿದೆಯೋ ಅಷ್ಟೇ ಜನ, ಓಡುವ ಗಾಡಿಯ ಪೆಟ್ಟಿಗೆಯಲ್ಲಿ ಯಾರನ್ನೂ ಕೂರಿಸಲೇಬಾರದು. ಎರಡೇ ಸೀಟಾದರೆ ಅವಳು ಬಸ್ಸಿನಲ್ಲೋ ರೈಲಿನಲ್ಲೋ ಬಂದು ಸೇರಿಕೊಳ್ಳಲಿ.

ಬಜೆಟ್ ನೋಡಿದರೆ ಗಾಡಿಗೆ ನಾಲ್ಕೂವರೆ, ಪೆಟ್ಟಿಗೆಗೆ ಒಂದೂವರೆ, ಉಳಿದ ಒಂದು ಲಕ್ಷ ಟೈರು, ಬ್ರೇಕು, ಇನ್ಶೂರೆನ್ಸ್‌ಗೆ ಅಂತ ಮುಟ್ಟದೆ ಇಡಿ. ಈ ದುಡ್ಡಿಗೆ ನಾನಾದರೆ 2017ರಿಂದ 2020ರ ನಡುವಿನ ಬಿಎಸ್4 (ಹೊಗೆ ನಿಯಂತ್ರಣದ ಹಿಂದಿನ ಮಾನದಂಡದ) ಗಾಡಿ ಹುಡುಕುತ್ತೇನೆ, 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಲ್ಲಿ ಸೆನ್ಸರ್ ಜಾಸ್ತಿ, ರಿಪೇರಿ ದುಬಾರಿ. ಆದರೆ ಗೂಡ್ಸ್ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷವೂ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು, ಅದು ತಲೆಯಲ್ಲಿರಲಿ.

ಕಿಲೋಮೀಟರ್ ಎಷ್ಟು ಓಡಿದೆ ಅನ್ನುವುದಕ್ಕಿಂತ ಏನು ಹೊತ್ತಿದೆ ಅಂತ ಕೇಳಿ. ಎಂ ಸ್ಯಾಂಡ್, ಜಲ್ಲಿ, ಕಲ್ಲು ಹೊತ್ತ ಗಾಡಿ ಬೇಡ. ಈರುಳ್ಳಿ, ಟೊಮೆಟೊ ತುಂಬಿ ರಾತ್ರಿಯಿಡೀ ಬೆಂಗಳೂರಿಗೆ ಓಡಿದ್ದನ್ನೂ ಬಿಡಿ. ಬೇಕರಿ ಸಾಮಾನು, ಔಷಧಿ, ಬಟ್ಟೆ ಸಾಗಿಸಿದ ಗಾಡಿ ಸಿಕ್ಕರೆ ಹತ್ತಿಪ್ಪತ್ತು ಸಾವಿರ ಜಾಸ್ತಿ ಆದರೂ ತಗೊಳ್ಳಿ. ಗ್ಯಾರೇಜಿನ ಗುಂಡಿ ಮೇಲೆ ನಿಲ್ಲಿಸಿ ಚಾಸಿ ನೋಡಿಸಿ: ಕಮಾನು ಕೂರುವ ಜಾಗದಲ್ಲಿ ಬಿರುಕು, ವೆಲ್ಡಿಂಗ್ ಗುರುತು ಕಂಡರೆ ಅಲ್ಲಿಗೇ ಮಾತು ಮುಗಿಸಿ. ಈಗಾಗಲೇ ಪಟ್ಟಿ ಸೇರಿಸಿದ್ದಾರೆ ಅಂದರೆ ಓವರ್‌ಲೋಡ್ ಹೊಡೆದಿದ್ದಾರೆ ಅಂತಲೇ ಅರ್ಥ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಸಾಲ ತೀರಿದ್ದರೆ ಫೈನಾನ್ಸ್‌ನವರ ಎನ್‌ಒಸಿ, ಫಾರ್ಮ್ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಅರ್ಜಿ) ಕೈಗೆ ಬರದೆ ದುಡ್ಡು ಕೊಡಬೇಡಿ.

ಪೆಟ್ಟಿಗೆ ಮಾಡಿಸುವ ಮೊದಲು ಅದರ ಡ್ರಾಯಿಂಗ್ ಹಿಡಿದುಕೊಂಡು ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ. ಗಾಡಿಯ ಮೂಲ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ. ಅವರು ಹೇಳಿದ್ದನ್ನು ಬರಹದಲ್ಲಿ ತಗೊಂಡು ಇನ್ಶೂರೆನ್ಸ್ ಕಂಪನಿಗೂ ತಿಳಿಸಿ. ಸುಮ್ನೆ ಕಟ್ಟಿಸಿಕೊಂಡು ಓಡಿಸಿದರೆ ಅಪಘಾತ ಆದ ದಿನ ಕ್ಲೇಮ್‌ಗೆ ತಕರಾರು ಬರುತ್ತದೆ.

ಪ್ರಶ್ನೆ: ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ನನಗೂ ಇಂಥದ್ದೇ ಯೋಚನೆ ಇದೆ. ನನ್ನ ಹತ್ತಿರ ಕಾರಿನ ಲೈಸೆನ್ಸ್ ಇದೆ, ಹಳದಿ ಬೋರ್ಡ್ ಪಿಕಪ್ ಓಡಿಸಬಹುದಾ? ಪರ್ಮಿಟ್ ಬೇಕಾ?

ಉತ್ತರ: ಓಡಿಸಬಹುದು. ಒಟ್ಟು ತೂಕ 7,500 ಕೆಜಿ ದಾಟದ ಸಾರಿಗೆ ವಾಹನಕ್ಕೆ ಎಲ್‌ಎಂವಿ (ಲಘು ಮೋಟಾರು ವಾಹನ, ಅಂದರೆ ಕಾರಿನ) ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಮತ್ತೆ ಹೇಳಿದೆ. ಪರ್ಮಿಟ್ ವಿಷಯಕ್ಕೆ ಒಟ್ಟು ತೂಕ ನೋಡಿ: 3,000 ಕೆಜಿ ಒಳಗಿನ ಗೂಡ್ಸ್ ಗಾಡಿಗೆ ಬೇಡ, ಅದಕ್ಕಿಂತ ಜಾಸ್ತಿ ಇದ್ದರೆ ಬೇಕು. ಎರಡು ಗಾಡಿ ಹಿಡಿಸಿ, ಒಂದು ಈ ಗೆರೆಯ ಒಳಗಿದ್ದು ನಿಮ್ಮ ಪೆಟ್ಟಿಗೆಯನ್ನೂ ಆರಾಮಾಗಿ ಹೊರುತ್ತದೆ ಅಂದರೆ ಅದನ್ನೇ ತಗೊಳ್ಳಿ.