‘ಸಂಡಾಸ ಐತೇನ್ರಿ?’ ಎಂದು ಕೇಳಿದರೆ ಲೆಕ್ಕ ತಪ್ಪುತ್ತದೆ

ಆಳಂದ, ಇಂಡಿ, ಚಡಚಣದ ಕಡೆ ಮನೆಮನೆಯ ಶೌಚ ವ್ಯವಸ್ಥೆ ಅಳೆಯಲು ಬರುವವರು ಮೊದಲು ಮಾತು ತಿದ್ದಿಕೊಳ್ಳಬೇಕು. ನಿಮ್ಮ ಫಾರ್ಮಿನಲ್ಲಿ ‘ಶೌಚಾಲಯ’, ‘ಬಯಲು ಬಹಿರ್ದೆಸೆ’ ಎಂದು ಅಚ್ಚಾಗಿರುತ್ತದೆ. ಇಲ್ಲಿನವರ ಬಾಯಲ್ಲಿ ಅದು ಸಂಡಾಸ. ಹೊರಗೆ ಹೋಗುವುದೆಂದರೆ ‘ಚರಗಿ ತಗೊಂಡು ಹೋಗೋದು’. ಕೆಲವು ಮನೆಗಳಲ್ಲಿ ಮರಾಠಿ, ಕೆಲವು ಕಡೆ ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಅಚ್ಚಿನ ಮಾತು ಕಿವಿಗೆ ಬಿದ್ದ ಕೂಡಲೇ ‘ಇವರು ಸರ್ಕಾರದವರು’ ಎಂದುಕೊಳ್ಳುತ್ತಾರೆ. ಸಂಡಾಸ ಕಟ್ಟಲು ಸ್ವಚ್ಛ ಭಾರತದ 12,000 ರೂಪಾಯಿ ಪಡೆದ ಮನೆಯವರು ‘ಐತ್ರಿ, ಎಲ್ಲಾರೂ ಅಲ್ಲೇ ಹೋಗ್ತೀವಿ’ ಎಂದುಬಿಡುತ್ತಾರೆ. ಕೋಣೆ ಇರುವುದು ನಿಜವೇ. ಅದರೊಳಗೆ ಕುಳ್ಳು, ಕಟ್ಟಿಗೆ ಒಟ್ಟಿದ್ದರೂ ನಿಮ್ಮ ಕಾಗದದಲ್ಲಿ ‘ಹೌದು’ ಎಂದೇ ದಾಖಲಾಗುತ್ತದೆ.

ಹಾಗಾಗಿ ಮನೆಗೊಂದು ಪ್ರಶ್ನೆ ಸಾಲದು, ತಲೆಗೊಂದು ಪ್ರಶ್ನೆ ಬೇಕು. ‘ಕೆಲವರು ಸಂಡಾಸಕ್ಕ ಹೋಗ್ತಾರ, ಕೆಲವರು ಬಯಲಕಡಿಗೆ ಹೋಗ್ತಾರ. ನಿಮ್ಮ ಅಜ್ಜಾರು ನಿನ್ನೆ ಎಲ್ಲಿ ಹೋಗಿದ್ರು?’ ಹೀಗೆ ಎರಡನ್ನೂ ಒಂದೇ ತೂಕದಲ್ಲಿ ಇಟ್ಟು ಕೇಳಿದರೆ ನಾಚಿಕೆಯಿಲ್ಲದೆ ನಿಜ ಹೇಳುತ್ತಾರೆ. ಹೆಂಗಸರನ್ನು ಹೆಂಗಸರೇ ಕೇಳಬೇಕು. 2013–14ರಲ್ಲಿ ಉತ್ತರ ಭಾರತದ ಐದು ರಾಜ್ಯಗಳಲ್ಲಿ ನಡೆದ ‘ಸ್ಕ್ವಾಟ್’ ಸಮೀಕ್ಷೆ ಒಬ್ಬೊಬ್ಬರ ಬಗೆಗೂ ಬೇರೆಬೇರೆಯಾಗಿ ಕೇಳಿತ್ತು. ಬಳಸುವಂಥ ಶೌಚಾಲಯವಿದ್ದ ಮನೆಗಳಲ್ಲೇ ಶೇ. 40ಕ್ಕೂ ಹೆಚ್ಚು ಕಡೆ ಒಬ್ಬರಾದರೂ ಬಯಲಿಗೆ ಹೋಗುತ್ತಿದ್ದರು ಎಂದು ಆಗ ತಿಳಿಯಿತು. ಕೂಸುಗಳ ಮಲ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಕೇಳಿ. ದೊಡ್ಡವರೆಲ್ಲ ಒಳಗೆ ಹೋಗುವ ಮನೆಯಲ್ಲೂ ಅದು ತಿಪ್ಪೆಗೆ ಬೀಳುತ್ತಿರಬಹುದು.

‘ಮನೆ’ ಎಂದರೆ ಯಾವುದು? ಸಮೀಕ್ಷೆಯ ಪ್ರಕಾರ ಒಂದು ಒಲೆ ಎಂದರೆ ಒಂದು ಕುಟುಂಬ. ಇಲ್ಲಿ ಅಣ್ಣತಮ್ಮಂದಿರು ಬೇರೆಯಾದರೂ ಅಂಗಳ ಒಂದೇ, ಸಂಡಾಸ ಒಂದೇ. ಶೌಚ ವ್ಯವಸ್ಥೆಗೆ ದರ್ಜೆ ಕೊಡಲು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜಂಟಿಯಾಗಿ ಬಳಸುವ ಏಣಿಯಲ್ಲಿ, ಎರಡು ಕುಟುಂಬ ಹಂಚಿಕೊಂಡರೆ ಅದು ‘ಸೀಮಿತ’ ಮೆಟ್ಟಿಲಿಗೇ ನಿಲ್ಲುತ್ತದೆ. ‘ಮೂಲಭೂತ’ಕ್ಕೂ ಏರುವುದಿಲ್ಲ, ಅದರ ಮೇಲಿನ ‘ಸುರಕ್ಷಿತ ನಿರ್ವಹಣೆ’ಯಂತೂ ದೂರ. ರೇಷನ್ ಕಾರ್ಡ್ ನೋಡಿ ಎಣಿಸಿದರೆ ಇದು ಕಣ್ಣಿಗೆ ಬೀಳದು. ಸ್ವಚ್ಛ ಭಾರತದ ಮೂಲ ಪಟ್ಟಿಯೇ 2012ರ ಸಮೀಕ್ಷೆಯದು. ಆಮೇಲೆ ಬೇರೆಯಾದ ಒಲೆಗಳು ಅದರಲ್ಲಿರಲಿಲ್ಲ.

ಇನ್ನು ಗುಂಡಿ. ಸಮೀಕ್ಷೆ ಹೆಚ್ಚಾಗಿ ದಾರಿ ತಪ್ಪುವುದು ಇಲ್ಲೇ. ಸರಿಯಾದ ಎರಡು ಗುಂಡಿಯ ಸಂಡಾಸದಲ್ಲಿ ಪ್ರತಿ ಗುಂಡಿ ಸುಮಾರು ಒಂದು ಮೀಟರ್ ಅಗಲ, ಒಂದು ಮೀಟರಿಗಿಂತ ತುಸು ಹೆಚ್ಚು ಆಳ. ನೀರು ಇಂಗಲೆಂದು ಇಟ್ಟಿಗೆಗಳ ನಡುವೆ ಸಂದು ಬಿಟ್ಟಿರುತ್ತಾರೆ, ತಳಕ್ಕೆ ಕಾಂಕ್ರೀಟ್ ಇರುವುದಿಲ್ಲ. ಚೇಂಬರಿನಿಂದ ಎರಡು ಪೈಪು ಹೊರಟು, ಒಂದಕ್ಕೆ ಇಟ್ಟಿಗೆ ಇಟ್ಟು ಮುಚ್ಚಿರಬೇಕು. ಐದಾರು ಜನರ ಮನೆಯಲ್ಲಿ ಒಂದು ಗುಂಡಿ ತುಂಬಲು ಮೂರು ವರ್ಷದ ಆಸುಪಾಸು ಬೇಕು. ಆಮೇಲೆ ದಾರಿ ಬದಲಿಸಿ, ತುಂಬಿದ್ದನ್ನು ಒಂದೂವರೆ–ಎರಡು ವರ್ಷ ಬಿಟ್ಟರೆ ಒಳಗಿನದು ಒಣಗಿ, ವಾಸನೆಯಿಲ್ಲದ ಗೊಬ್ಬರದಂತಾಗುತ್ತದೆ.

ಆದರೆ ಅನೇಕ ಕಡೆ ನೀವು ಕಾಣುವುದು ಆಳವಾದ ಒಂದೇ ಗುಂಡಿ, ಇಲ್ಲವೇ ಒಂದು ತುಂಬಿ ಇನ್ನೊಂದಕ್ಕೆ ಹರಿಯುವಂತೆ ಸಾಲಾಗಿ ಜೋಡಿಸಿದ ಎರಡು. ಸಾಲಾಗಿದ್ದರೆ ಎರಡೂ ಸದಾ ಹಸಿ, ಯಾವುದಕ್ಕೂ ವಿಶ್ರಾಂತಿ ಇಲ್ಲ. ಇದಕ್ಕೆ ಗೌಂಡಿಯ ಅಜ್ಞಾನವಷ್ಟೇ ಕಾರಣವಲ್ಲ. ‘ತುಂಬಿದರ ಯಾರು ತೆಗೀತಾರ?’ ಎಂಬ ಪ್ರಶ್ನೆಯ ಹಿಂದೆ ಜಾತಿ ಇದೆ. ಮಲ ಮುಟ್ಟುವ ಕೆಲಸವನ್ನು ತಲೆಮಾರುಗಟ್ಟಲೆ ಕೆಲವರ ಮೇಲೆ ಹೇರಿದ ನೆಲ ಇದು. ಆ ಕೆಲಸಕ್ಕೆ ಜನರನ್ನು ಹಚ್ಚುವುದನ್ನು 2013ರ ಕಾಯ್ದೆ ಅಪರಾಧವೆಂದಿದೆ. ಗುಂಡಿ ತುಂಬುವುದೇ ಬೇಡವೆಂದು ದೊಡ್ಡದು ತೋಡಿಸುತ್ತಾರೆ, ಬೇಗ ತುಂಬೀತೆಂದು ಗಟ್ಟಿಮುಟ್ಟಾದ ಗಂಡಸರು ಬಯಲಿಗೇ ಹೋಗುತ್ತಾರೆ. ಬಳಕೆಯ ಪ್ರಶ್ನೆ ಮತ್ತು ಗುಂಡಿಯ ಪ್ರಶ್ನೆ ಹೀಗೆ ಒಂದಕ್ಕೊಂದು ಹೆಣೆದುಕೊಂಡಿವೆ, ಬೇರೆಬೇರೆ ಪುಟದಲ್ಲಿ ಹಾಕಬೇಡಿ.

ಮಣ್ಣನ್ನೂ ಬರೆದುಕೊಳ್ಳಿ. ಎರೆಭೂಮಿಯಲ್ಲಿ ನೀರು ಬೇಗ ಇಂಗದು. ಗುಂಡಿಯ ಸುತ್ತ ಒಂದು ಅಡಿ ಮರಳೋ ಇಟ್ಟಿಗೆ ಚೂರೋ ತುಂಬಿಸದಿದ್ದರೆ ಮಳೆಗಾಲದಲ್ಲಿ ಬೇಸಿನ್ನಿಗೆ ನೀರು ಮರಳುತ್ತದೆ. ಬೀದರ್ ಸುತ್ತಲಿನ ಜಂಬಿಟ್ಟಿಗೆ ನೆಲದಲ್ಲಿ ತೊಂದರೆ ತಿರುಗುಮುರುಗು: ನೀರು ಸಲೀಸಾಗಿ ಇಳಿದು ಬಾವಿ ಸೇರಬಹುದು. ಅಲ್ಲಿ ಗುಂಡಿಯಿಂದ ಬಾವಿಗೆ ಎಷ್ಟು ಮೀಟರ್ ಎಂದು ಟೇಪು ಹಿಡಿದು ಅಳೆಯಿರಿ.

‘ಸೆಪ್ಟಿಕ್ ಟ್ಯಾಂಕ್’ ಎಂಬ ಉತ್ತರವನ್ನು ಹಾಗೇ ಬರೆದುಕೊಳ್ಳಬೇಡಿ. ಶಹಾಬಾದ್ ಫರಸಿ ಮುಚ್ಚಿದ ಯಾವ ಗುಂಡಿಗೂ ಆ ಹೆಸರಿದೆ. ತಳಕ್ಕೆ ಕಾಂಕ್ರೀಟ್ ಇದೆಯೇ, ಒಳಗೆ ಎರಡು ಕೋಣೆಯೇ, ಹೊರಬರುವ ನೀರು ಇಂಗುಗುಂಡಿಗೋ ಗಟಾರಕ್ಕೋ ಎಂದು ಕೇಳಿ. ಗಟಾರಕ್ಕಾದರೆ ಅದು ಸುರಕ್ಷಿತವಲ್ಲ, ಎಷ್ಟೇ ಚೆಂದದ ಟೈಲ್ಸ್ ಇರಲಿ. ಟ್ಯಾಂಕರ್ ಬಂದು ಖಾಲಿ ಮಾಡಿದ್ದರೆ ಎಲ್ಲಿ ಸುರಿಯಿತು ಎಂಬುದು ಮನೆಯವರಿಗೆ ಗೊತ್ತಿರುವುದಿಲ್ಲ. ಅದನ್ನು ಚಾಲಕನ ಹತ್ತಿರವೇ ಕೇಳಬೇಕು.

ಕಣ್ಣಿನ ಸಾಕ್ಷ್ಯ ಸುಲಭ: ಬೇಸಿನ್ ಒದ್ದೆಯೇ, ಬಕೆಟ್ ಇದೆಯೇ, ಬಾಗಿಲಿಗೆ ಜೇಡರಬಲೆಯೇ, ಕಾಲುದಾರಿ ಸವೆದಿದೆಯೇ.

ಕಾಲವನ್ನೂ ನೋಡಿ ಬನ್ನಿ. ತೊಗರಿ ಎತ್ತರಕ್ಕೆ ನಿಂತಾಗ ಹೊಲವೇ ಮರೆ; ರಾಶಿಯಾದ ಮೇಲೆ ಬಯಲು ಬಟಾಬಯಲು, ಹೆಂಗಸರು ಕತ್ತಲಿಗೆ ಕಾಯುತ್ತಾರೆ. ಬೇಸಿಗೆಯಲ್ಲಿ ಕೊಡ ಹೊತ್ತು ತರುವ ಮನೆಯಲ್ಲಿ ಸಂಡಾಸಕ್ಕೆ ಪ್ರತಿಸಲ ಒಂದೂವರೆ–ಎರಡು ಲೀಟರ್ ಸುರಿಯುವುದೂ ಭಾರವೇ. ದೀಪಾವಳಿಯಾದ ಮೇಲೆ ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೆ ಹೋದವರ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಬೀಗದ ಮನೆ ಬಿಟ್ಟು ಪಕ್ಕದ ಮನೆ ಸೇರಿಸಿಕೊಂಡರೆ ಬಡವರೇ ಲೆಕ್ಕದಿಂದ ಜಾರುತ್ತಾರೆ. ‘ಬೀಗ’ ಎಂದೇ ಬರೆದು, ಅವರು ಮರಳಿದ ಮೇಲೆ, ಮುಂಗಾರಿಗೆ ಮುಂಚೆ, ಇನ್ನೊಮ್ಮೆ ಬನ್ನಿ.