ಎನ್ ಬಂತು, ಎರೆ ಎಲ್ಲಿ?

ಓದುಗರು ಕೇಳಿದ್ದು, ಓಸ್ಲೋದಿಂದ ಉತ್ತರ

ಪ್ರಶ್ನೆ: ಅಕ್ಕ, ನಮಸ್ಕಾರ. ನನ್ನ ಊರು ಶಿವಮೊಗ್ಗ. ಮದುವೆಯಾಗಿ ನಾರ್ವೆಯ ದ್ರಾಮೆನ್‌ಗೆ ಬಂದಿದ್ದೇನೆ, ಭಾಷೆಯ ತರಗತಿಗೆ ಹೋಗುತ್ತಿದ್ದೇನೆ. 'ಇದಕ್ಕಿಂತ ಅದು ದೊಡ್ಡದು' ಅನ್ನುವ ಥರದ ವಾಕ್ಯ ಬಂದ ಕೂಡಲೇ ಎಡವುತ್ತೇನೆ. ಹಾಳೆಯಲ್ಲಿ ಬಿಟ್ಟ ಸ್ಥಳ ತುಂಬುವಾಗ ಎಲ್ಲ ಸರಿ. ಬಾಯಿ ಬಿಟ್ಟರೆ 'ಓಸ್ಲೋ ಆ್ಯರ್ ಸ್ಟೂರ್ ಎನ್ ಬರ್ಗೆನ್' ಅಂತಲೇ ಬರುತ್ತದೆ. ಬಿ1 ಮಟ್ಟದ ಭಾಷಾ ಪರೀಕ್ಷೆ ಹತ್ತಿರ ಬಂತು. ಹೇಗೆ ಅಭ್ಯಾಸ ಮಾಡಲಿ?

ಉತ್ತರ: ಇದು ನಿಮ್ಮೊಬ್ಬರ ಕಷ್ಟ ಅಲ್ಲ. ನಾನು ಕಲಿಸಿದ ಕನ್ನಡದವರಲ್ಲಿ ಹೆಚ್ಚಿನವರು ಇಲ್ಲೇ ಎಡವಿದ್ದಾರೆ. ಅದೇ ತರಗತಿಯ ಪೋಲೆಂಡಿನವರು ಎಡವುವುದು ಕಡಿಮೆ. ಕಾರಣ ಸುಲಭ. ಕನ್ನಡದಲ್ಲಿ ಎಲ್ಲ ಕೆಲಸವನ್ನೂ 'ಗಿಂತ' ಮಾಡಿಬಿಡುತ್ತದೆ. 'ಸಾಗರಕ್ಕಿಂತ ಶಿವಮೊಗ್ಗ ದೊಡ್ಡದು' ಅಂದರೆ ಮುಗಿಯಿತು, 'ದೊಡ್ಡದು' ಇದ್ದ ಹಾಗೇ ಇರುತ್ತದೆ. ಪೋಲಿಷ್‌ನಲ್ಲಿ ಆ ಪದವೇ ಬದಲಾಗುತ್ತದೆ, ನಾರ್ವೇಜಿಯನ್‌ನಲ್ಲೂ ಹಾಗೇ. ನೀವು 'ಗಿಂತ'ದ ಜಾಗಕ್ಕೆ 'ಎನ್' ಹಾಕಿದ ಕೂಡಲೇ ಕೆಲಸ ಮುಗಿಯಿತು ಅಂತ ನಿಮ್ಮ ಕನ್ನಡದ ಕಿವಿ ಸಮಾಧಾನ ಮಾಡಿಕೊಳ್ಳುತ್ತದೆ. ಅರ್ಧ ಕೆಲಸ ಬಾಕಿ ಇರುತ್ತದೆ. 'ದೊಡ್ಡದು' ಅನ್ನುವ ಸ್ಟೂರ್ ಇದ್ದದ್ದು ಸ್ಟೊರ್ರೆ ಆಗಬೇಕು.

ಹಾಳೆ ತುಂಬುವುದನ್ನು ಸ್ವಲ್ಪ ದಿನ ಬದಿಗಿಡಿ. ಅಲ್ಲಿ ಖಾಲಿ ಜಾಗವೇ 'ಇಲ್ಲಿ ಏನೋ ಬದಲಾಗಬೇಕು' ಅಂತ ಹೇಳಿಕೊಟ್ಟುಬಿಡುತ್ತದೆ. ಮಾತಾಡುವಾಗ ಹಾಗೆ ಹೇಳಿಕೊಡುವವರು ಯಾರೂ ಇಲ್ಲ.

ನಾನು ಮಾಡಿಸುವುದು ಒಂದೇ: ಒಂದು ಸಂಗತಿಯನ್ನು ಮೂರು ಥರ, ಗಟ್ಟಿಯಾಗಿ ಹೇಳುವುದು. ನಾರ್ವೆಯ ಅತಿ ಎತ್ತರದ ಬೆಟ್ಟ ಗಾಲ್‌ಹೊಪಿಗ್ಗೆನ್, 2469 ಮೀಟರ್. ಎರಡನೆಯದು ಗ್ಲಿಟರ್‌ಟಿಂಡ್. ಹಿಂದೆ ತಲೆಯ ಮೇಲಿನ ಹಿಮದ ರಾಶಿ ಸೇರಿಸಿ ಅಳೆದಾಗ ಗ್ಲಿಟರ್‌ಟಿಂಡೇ ಎತ್ತರ ಅಂತ ಬರುತ್ತಿತ್ತು. ಹಿಮ ಕರಗಿತು, ವಾದವೂ ಕರಗಿತು. ಈಗ ಹೇಳಿ: ಗಾಲ್‌ಹೊಪಿಗ್ಗೆನ್ ಆ್ಯರ್ ಹೊಯೆರೆ ಎನ್ ಗ್ಲಿಟರ್‌ಟಿಂಡ್. ತಿರುಗಿಸಿ, 'ಕಡಿಮೆ ಎತ್ತರ' ಅಂತ ಹೇಳಿ: ಗ್ಲಿಟರ್‌ಟಿಂಡ್ ಆ್ಯರ್ ಲಾವೆರೆ ಎನ್ ಗಾಲ್‌ಹೊಪಿಗ್ಗೆನ್. ಮೂರನೆಯದು: ಗ್ಲಿಟರ್‌ಟಿಂಡ್ ಆ್ಯರ್ ಇಕ್ಕೆ ಸೋ ಹೊಯ್ ಸೊಮ್ ಗಾಲ್‌ಹೊಪಿಗ್ಗೆನ್. ಈ ಮೂರನೆಯದರಲ್ಲಿ 'ಹೊಯ್' ಬದಲಾಗಲಿಲ್ಲ, ನೋಡಿದಿರಾ? ಇದು ನಮ್ಮ 'ಅದರಷ್ಟು ಎತ್ತರ ಇಲ್ಲ' ಇದ್ದ ಹಾಗೇ ಇದೆ, ಆದ್ದರಿಂದ ಕನ್ನಡದವರಿಗೆ ಬೇಗ ಹತ್ತುತ್ತದೆ. ಬೇಕಿದ್ದರೆ ನಮ್ಮ ಮುಳ್ಳಯ್ಯನಗಿರಿಯನ್ನೂ ಎಳೆದು ತನ್ನಿ. ಅದು ಸುಮಾರು 1930 ಮೀಟರ್, ಎರಡಕ್ಕಿಂತಲೂ ಲಾವೆರೆ. ಊರಿನ ಅಭಿಮಾನ ವ್ಯಾಕರಣಕ್ಕೆ ಅಡ್ಡ ಬರಬಾರದು!

ಆಮೇಲೆ ಅಂಗಡಿ. ಇಲ್ಲಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಬೆಲೆಯ ಚೀಟಿ ಮೇಲೆ ಕಿಲೋಗೆ ಎಷ್ಟು ಅಂತಲೂ ಇರುತ್ತದೆ. ಅಕ್ಕಿಯ ಎರಡು ಪ್ಯಾಕೆಟ್ ಹಿಡಿದು ಯಾವುದು ಬಿಲ್ಲಿಯೆರೆ (ಹೆಚ್ಚು ಅಗ್ಗ), ಯಾವುದು ದ್ಯೂರೆರೆ (ಹೆಚ್ಚು ದುಬಾರಿ) ಅಂತ ನಿಮ್ಮಷ್ಟಕ್ಕೆ ಹೇಳಿಕೊಳ್ಳಿ. ಒಬ್ಬರೇ ಗೊಣಗಿದರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಚಳಿಗಾಲದಲ್ಲಿ ಹವಾಮಾನದ ಆ್ಯಪ್ ತೆಗೆದರೆ ಇವತ್ತಿಗಿಂತ ನಾಳೆ ಕಲ್ಲೆರೆ (ಹೆಚ್ಚು ಚಳಿ), ಅದಕ್ಕಂತೂ ಬರವಿಲ್ಲ.

ನಿಯಮ ತಪ್ಪುವ ಪದಗಳನ್ನು ಕೊನೆಗೆ ಇಟ್ಟುಕೊಳ್ಳಬೇಡಿ, ಅವೇ ಮೊದಲು ಬೇಕು. ದಿನಾ ಬಾಯಿಗೆ ಬರುವುದು ಅವೇ ಅಲ್ವಾ? ಒಳ್ಳೆಯದಕ್ಕೆ ಗೂ, ಬೇದ್ರೆ, ಬೆಸ್ಟ್. ಹಳೆಯದಕ್ಕೆ, ವಯಸ್ಸಾದವರಿಗೆ ಗಮ್ಮೆಲ್, ಎಲ್ದ್ರೆ, ಎಲ್ಸ್ಟ್. ಉದ್ದಕ್ಕೆ ಲಾಂಗ್, ಲೆಂಗ್ರೆ, ಲೆಂಗ್ಸ್ಟ್. ಚಿಕ್ಕದಕ್ಕೆ ಲೀತೆನ್, ಮಿಂದ್ರೆ, ಮಿನ್ಸ್ಟ್. (ಮಿಂದ್ರೆ ಚಿಕ್ಕದಾಗುತ್ತದೆ ಅಂತ ನೆನಪಿಟ್ಟುಕೊಳ್ಳಿ. ನನ್ನ ಒಬ್ಬ ವಿದ್ಯಾರ್ಥಿ ಹಾಗೇ ಕಲಿತರು.) 'ಹೆಚ್ಚು' ಅನ್ನಲು ಎಣಿಸುವುದಕ್ಕೆ ಫ್ಲೇರೆ, ಎಣಿಸಲಾಗದ್ದಕ್ಕೆ ಮೇರ್. ಇನ್ನಷ್ಟು ಕಪ್ ಅಂದರೆ ಫ್ಲೇರೆ, ಇನ್ನೂ ಸ್ವಲ್ಪ ಕಾಫಿ ಅಂದರೆ ಮೇರ್. ಇವೆರಡನ್ನೂ ಒಟ್ಟಿಗೆ ಕಲಿಸುವ ಗಾದೆಯೇ ಒಂದಿದೆ: 'ಯು ಫ್ಲೇರೆ ಕೊಕ್ಕೆರ್, ಯು ಮೇರ್ ಸೋಲ್.' ಅಡುಗೆಯವರು ಎಷ್ಟು ಜಾಸ್ತಿಯೋ ಅಷ್ಟು ರಂಪ ಅಂತ. ನಮ್ಮ 'ಎಷ್ಟು–ಅಷ್ಟು' ಜೋಡಿಯೇ ಇಲ್ಲಿ 'ಯು–ಯು'. ಒಂದೇ ಎಚ್ಚರ: ಕ್ರಿಯಾಪದ ಇದ್ದರೆ ಎರಡನೇ ಭಾಗದಲ್ಲಿ ಅದು ಕರ್ತೃವಿಗಿಂತ ಮೊದಲು ಬರುತ್ತದೆ.

ಬಾಯಿ ಪರೀಕ್ಷೆಯಲ್ಲಿ ಇಬ್ಬರನ್ನು ಜೊತೆಗೆ ಕೂರಿಸುತ್ತಾರೆ. ಹಳ್ಳಿ ಒಳ್ಳೆಯದೋ ಪೇಟೆಯೋ ಅನ್ನುವಂಥ ವಿಷಯ ಬಂದರೆ ಹೋಲಿಕೆ ಇಲ್ಲದೆ ಮಾತೇ ಹೊರಡುವುದಿಲ್ಲ. ಮನೆಯವರ ಜೊತೆ ಜಗಳ ಆಡುವ ಹಾಗೆ ಅಭ್ಯಾಸ ಮಾಡಿ, ನಾರ್ವೇಜಿಯನ್‌ನಲ್ಲಿ.

ಪ್ರಶ್ನೆ: ಟ್ರೋನ್‌ಹೈಮ್‌ನಲ್ಲಿ ಓದಲು ಹೊರಟಿರುವ ಮೈಸೂರಿನ ಹುಡುಗ ನಾನು. ಇಂಗ್ಲಿಷ್‌ನ 'ಮೋರ್' ಥರ ಎಲ್ಲದಕ್ಕೂ 'ಮೇರ್' ಹಾಕಿದರೆ ನಡೆಯುತ್ತದಾ?

ಉತ್ತರ: ಅರ್ಥ ಆಗುತ್ತದೆ, ಆದರೆ 'ಮೇರ್ ಸ್ಟೂರ್' ಕೇಳಿದವರು ಮುಖ ಕಿವುಚುತ್ತಾರೆ. 'ಸ್ಕ್' ಅಂತ ಮುಗಿಯುವ ಪ್ರಾಕ್ತಿಸ್ಕ್‌ನಂಥವಕ್ಕೆ, ಇಂಟ್ರೆಸ್ಸಾಂಗ್ ಥರದ ಉದ್ದದ ಪದಗಳಿಗೆ ಮೇರ್, ಮೆಸ್ಟ್ ಹಾಕಿ. ಚಿಕ್ಕ ಪದಗಳಿಗೆ 'ಎರೆ', 'ಎಸ್ಟ್' ಅಂಟಿಸಿ. ಅಗ್ಗ ಅನ್ನುವ ಬಿಲ್ಲಿಯಂಥ ಪದಗಳ ಕೊನೆಗೆ ಬರೆಯುವಾಗ 'ಇಗ್' ಇರುತ್ತದೆ. ಅವಕ್ಕೆ ಮೂರನೇ ರೂಪದಲ್ಲಿ ಬರೀ 'ಸ್ಟ್' ಸಾಕು, 'ಎಸ್ಟ್' ಬೇಡ. ಇನ್ನೊಂದು ವಿಷಯ: ನಾರ್ವೇಜಿಯನ್‌ನ ಇನ್ನೊಂದು ಬರಹ ರೂಪವಾದ ನ್ಯೂನೊಷ್ಕ್‌ನಲ್ಲಿ ಇದೇ 'ಆರೆ', 'ಆಸ್ಟ್' ಆಗುತ್ತದೆ. ಕಂಡರೆ ಗಾಬರಿ ಬೇಡ, ಓದಿಕೊಂಡು ಮುಂದೆ ಹೋಗಿ.

ಪ್ರಶ್ನೆ: ನಮ್ಮ ಮಾವನವರು ಓಸ್ಲೋಗೆ ಬಂದಿದ್ದಾಗ ಪಕ್ಕದ ಮನೆಯವರು ಅವರನ್ನು 'ಎನ್ ಎಲ್ದ್ರೆ ಮಾನ್' ಅಂದರು. ಅಂದರೆ 'ಹೆಚ್ಚು ವಯಸ್ಸಾದವರು' ತಾನೇ? ಯಾರಿಗಿಂತ?

ಉತ್ತರ: ಯಾರಿಗಿಂತಲೂ ಅಲ್ಲ. ಇಲ್ಲಿರುವ 'ಎನ್' ಕೂಡ ಬೇರೆ, ಅದು 'ಒಬ್ಬ' ಅನ್ನುವ ಎನ್. ಹೋಲಿಕೆ ಇಲ್ಲದೆ ಎಲ್ದ್ರೆ ಅಂದರೆ ಗಮ್ಮೆಲ್‌ಗಿಂತ ಮೆತ್ತಗಿನ ಮಾತು. ನಾವು ಮುದುಕರು ಅನ್ನದೆ ಹಿರಿಯರು ಅನ್ನುತ್ತೇವಲ್ಲ, ಹಾಗೆ. ಲೆಂಗ್ರೆ ಕೂಡ ಹೀಗೇ ಬರುತ್ತದೆ: 'ಎನ್ ಲೆಂಗ್ರೆ ರೈಸೆ' ಅಂದರೆ ಸುಮಾರು ಉದ್ದದ ಪ್ರಯಾಣ, ಅಷ್ಟೇ. ಮಾವನವರಿಗೆ ಧೈರ್ಯವಾಗಿ ಹೇಳಿ. ಗಮ್ಮೆಲ್ ಅಂದಿದ್ದರೆ ಬೇಸರ ಮಾಡಿಕೊಳ್ಳಬಹುದಿತ್ತು.